ಆರು ಮೂಲೆಯ ಕೌದಿ: ಸೂಜಿ ಎಣಿಸಿ ಕುಳಿತುಕೊಳ್ಳಿ



ಬೆಳಗಿನ ಹಾಲು ಡೇರಿಗೆ ಹಾಕಿ ಬಂದ ಮೇಲೆ ಸಿಗುವ ಬಿಡುವಿನಲ್ಲಿ ಕೌದಿ ಹೊಲಿಯುವ ಬಗ್ಗೆ ರಾಜಾನುಕುಂಟೆ ಕಡೆಯ ಕೆಲವರು ಕೇಳಿದ್ದೀರಿ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೆ ಸೀರೆಗಳಿಂದ ಕೈಯಲ್ಲೇ ಕೌದಿ ಹೊಲಿಯುತ್ತಾರೆ. ನೀವು ಆರು ಮೂಲೆಯ ತುಂಡುಗಳಿಂದ ಹೀಗೆ ಆರಂಭಿಸಬಹುದು.

1. ಕೈವಾರದಿಂದ 1 ಅಂಗುಲ ತ್ರಿಜ್ಯದ ವೃತ್ತ ಎಳೆಯಿರಿ. ಕೈವಾರದ ಅಗಲ ಬದಲಿಸದೆ ವೃತ್ತದ ಸುತ್ತ ಗುರುತು ಹಾಕಿದರೆ ಸರಿಯಾಗಿ ಆರು ಗುರುತು ಬರುತ್ತವೆ. ಗೆರೆ ಎಳೆದು ಕೂಡಿಸಿ. ಹಳೆ ಲಗ್ನಪತ್ರಿಕೆಯ ರಟ್ಟಿನಲ್ಲಿ ಇಂಥ ಏಳು ಅಚ್ಚು ಕತ್ತರಿಸಿ.

2. ಒಗೆದ ಹತ್ತಿ ಬಟ್ಟೆಯನ್ನು ಅಚ್ಚಿಗಿಂತ ಸುತ್ತಲೂ ಕಾಲು ಅಂಗುಲ ಹೆಚ್ಚಿಗೆ ಕತ್ತರಿಸಿ, ಅಂಚು ಮಡಿಸಿ ಟಾಕು ಹಾಕಿ.

3. ಎರಡು ತುಂಡುಗಳ ಮೇಲ್ಬದಿಗಳನ್ನು ಎದುರುಬದುರಾಗಿಟ್ಟು ಒಂದು ಅಂಚನ್ನು ಸಣ್ಣ ಹೊಲಿಗೆಯಿಂದ ಸೇರಿಸಿ. ನಡುವೆ ಒಂದು, ಸುತ್ತ ಆರು ಸೇರಿದರೆ ಹೂವಾಯಿತು. ಆರೂ ಅಂಚು ಹೊಲಿದಾದ ತುಂಡಿನ ಟಾಕು ಬಿಚ್ಚಿ ಅಚ್ಚು ತೆಗೆಯಿರಿ.

ಇನ್ನು ಪಶುವೈದ್ಯನಾಗಿ ಒಂದು ಮಾತು. ಕೊಟ್ಟಿಗೆಯಲ್ಲಿ, ಮೇವಿನ ಹತ್ತಿರ ಹೊಲಿಯಲು ಕೂರಲೇಬೇಡಿ. ಹಸು ಮೇವನ್ನು ಪೂರ್ತಿ ಅಗಿಯದೆ ನುಂಗುತ್ತದೆ. ಬಿದ್ದ ಸೂಜಿಯೂ ಜೊತೆಗೆ ಹೋಗುತ್ತದೆ. ಅದು ಎರಡನೇ ಹೊಟ್ಟೆಯನ್ನು ಚುಚ್ಚಿ ಹೃದಯದವರೆಗೂ ಸರಿಯಬಹುದು. ಆಗ ಹಸು ಉಳಿಯುವುದು ಕಷ್ಟ. ಹಸು ಮೇವು ಬಿಟ್ಟು, ಹಾಲು ಇಳಿಸಿ, ಬೆನ್ನು ಬಾಗಿಸಿ ನಿಂತರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ಹೊಲಿಯಲು ಕೂರುವಾಗ ಸೂಜಿ ಎಣಿಸಿ, ಏಳುವಾಗ ಮತ್ತೆ ಎಣಿಸಿ. ಒಂದು ಕಡಿಮೆಯಾದರೂ ಸಿಗುವ ತನಕ ಹುಡುಕಿ. ಅಲ್ಲಿಯವರೆಗೆ ಆ ಜಾಗದ ಕಸ ಗುಡಿಸಿ ಹಸುವಿನ ಮುಂದೆ ಹಾಕಬೇಡಿ.