ಸಭಾಧ್ಯಕ್ಷರ ಪದಚ್ಯುತಿ: ಸಂವಿಧಾನ ವಿಧಿಸಿರುವ ಕ್ರಮ

ಸದನದ ಕಲಾಪವನ್ನು ನಡೆಸುವ ಸಭಾಧ್ಯಕ್ಷರು ಪಕ್ಷಾತೀತರಾಗಿರಬೇಕೆಂಬುದು ಸಂಸದೀಯ ಪದ್ಧತಿಯ ಮೂಲತತ್ತ್ವ. ಕ್ಷಣಿಕ ಅಸಮಾಧಾನಕ್ಕೆ ಪೀಠ ಕಳೆದುಕೊಳ್ಳಬೇಕಾಗಿದ್ದರೆ ಅವರು ನಿರ್ಭೀತರಾಗಿ ತೀರ್ಪು ನೀಡಲಾರರು. ಅವರನ್ನು ತೆಗೆಯುವ ದಾರಿಯೇ ಇಲ್ಲದಿದ್ದರೆ ಸದನಕ್ಕೆ ಉತ್ತರದಾಯಿಗಳಾಗಿ ಉಳಿಯಲಾರರು. ಈ ಎರಡು ಅಪಾಯಗಳನ್ನೂ ಗಮನದಲ್ಲಿಟ್ಟು ನಮ್ಮ ಸಂವಿಧಾನ ಒಂದು ಕ್ರಮವನ್ನು ವಿಧಿಸಿದೆ.

ಲೋಕಸಭೆಯಲ್ಲಿ ಕ್ರಮ

94ನೆಯ ಅನುಚ್ಛೇದದಂತೆ ಪದಚ್ಯುತಿಯ ನಿರ್ಣಯಕ್ಕೆ ಕನಿಷ್ಠ 14 ದಿನಗಳ ಮುನ್ಸೂಚನೆ ಅಗತ್ಯ. ಸದನದಲ್ಲಿ ಅದರ ಮಂಡನೆಗೆ ಅನುಮತಿ ದೊರೆಯಲು ಕನಿಷ್ಠ 50 ಸದಸ್ಯರು ಎದ್ದುನಿಂತು ಬೆಂಬಲ ಸೂಚಿಸಬೇಕು. ನಿರ್ಣಯ ಪರಿಶೀಲನೆಯಲ್ಲಿರುವಾಗ ಸಭಾಧ್ಯಕ್ಷರು ಅಧ್ಯಕ್ಷತೆ ವಹಿಸುವಂತಿಲ್ಲ. ಆದರೆ 96ನೆಯ ಅನುಚ್ಛೇದದಂತೆ ಸದನದಲ್ಲಿ ಹಾಜರಿದ್ದು ಮಾತನಾಡುವ, ಇತರ ಸದಸ್ಯರಂತೆ ಮತ ನೀಡುವ ಹಕ್ಕು ಅವರಿಗುಂಟು. ಮತಗಳು ಸಮವಾದರೆ ನಿರ್ಣಾಯಕ ಮತ ಮಾತ್ರ ಅವರಿಗಿಲ್ಲ.

ಬಹುಮತದ ಎಣಿಕೆಯೂ ಇಲ್ಲಿ ಬೇರೆ. ಸಾಧಾರಣ ಮಸೂದೆಗೆ ಹಾಜರಿದ್ದು ಮತ ನೀಡಿದವರ ಬಹುಮತ ಸಾಕು. ಈ ನಿರ್ಣಯಕ್ಕೆ ಆಗ ಇರುವ ಎಲ್ಲ ಸದಸ್ಯರ ಬಹುಮತ ಬೇಕು. 543 ಸ್ಥಾನಗಳೂ ಭರ್ತಿಯಾಗಿದ್ದರೆ 272 ಮತಗಳು ಅವಶ್ಯ. ಉದಾಹರಣೆಗೆ, ಪುಣೆ ಜಿಲ್ಲೆಯ ಶಿರೂರು ಕ್ಷೇತ್ರದ ಸದಸ್ಯರು ಅಂದು ಗೈರುಹಾಜರಾದರೆ ಬೇಕಾದ ಮತಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಅವರ ಗೈರುಹಾಜರಿ ಸಭಾಧ್ಯಕ್ಷರಿಗೇ ಅನುಕೂಲವಾಗುತ್ತದೆ.

1954ರಲ್ಲಿ ಜಿ.ವಿ. ಮಾವಳಂಕರ್, 1987ರಲ್ಲಿ ಬಲರಾಮ್ ಜಾಖಡ್ ಅವರ ವಿರುದ್ಧದ ನಿರ್ಣಯಗಳನ್ನು ಲೋಕಸಭೆ ತಿರಸ್ಕರಿಸಿತು. 1966ರಲ್ಲಿ ಹುಕುಂ ಸಿಂಗ್ ಅವರ ವಿರುದ್ಧದ ಸೂಚನೆಗೆ 50 ಸದಸ್ಯರ ಬೆಂಬಲವೇ ದೊರೆಯಲಿಲ್ಲ.

ಕರ್ನಾಟಕದ ಪ್ರಸಂಗ

ರಾಜ್ಯಗಳ ವಿಧಾನ ಪರಿಷತ್ತಿಗೆ 183 ಮತ್ತು 185ನೆಯ ಅನುಚ್ಛೇದಗಳು ಇದೇ ಬಗೆಯ ವಿಧಿಯನ್ನು ಒದಗಿಸುತ್ತವೆ. 2020ರಲ್ಲಿ 75 ಸ್ಥಾನಗಳ ಕರ್ನಾಟಕ ವಿಧಾನ ಪರಿಷತ್ತಿನ ಸಭಾಪತಿ ಕೆ. ಪ್ರತಾಪಚಂದ್ರ ಶೆಟ್ಟಿಯವರ ವಿರುದ್ಧ ಪದಚ್ಯುತಿಯ ಸೂಚನೆ ಸಲ್ಲಿಕೆಯಾಯಿತು. ಅದು ಕ್ರಮಬದ್ಧವಲ್ಲವೆಂದು ಸಭಾಪತಿಯವರು ತಿರಸ್ಕರಿಸಿದರು. ಆ ವರ್ಷದ ಡಿಸೆಂಬರ್ 15ರಂದು ಉಪ ಸಭಾಪತಿ ಎಸ್.ಎಲ್. ಧರ್ಮೇಗೌಡರು ಪೀಠವನ್ನು ಅಲಂಕರಿಸಿದಾಗ ಸದಸ್ಯರು ಅವರನ್ನು ಪೀಠದಿಂದ ಎಳೆದಿಳಿಸಿದರು. ಕೊನೆಗೆ 2021ರ ಫೆಬ್ರವರಿ 4ರಂದು ಸಭಾಪತಿಯವರು ರಾಜೀನಾಮೆ ನೀಡಿದರು. ಫೆಬ್ರವರಿ 9ರಂದು ಬಸವರಾಜ ಹೊರಟ್ಟಿಯವರು ಆ ಸ್ಥಾನಕ್ಕೆ ಆಯ್ಕೆಯಾದರು.

ತನ್ನ ವಿರುದ್ಧದ ಸೂಚನೆ ಸಿಂಧುವೇ ಎಂಬುದನ್ನು ಪೀಠದಲ್ಲಿರುವವರೇ ತೀರ್ಮಾನಿಸಬೇಕಾದಾಗ ವಿವಾದ ಹುಟ್ಟುವುದು ಸಹಜ. ಮತ ಎಣಿಸಿ ಇತ್ಯರ್ಥಪಡಿಸಬೇಕಾದುದನ್ನು ತೋಳ್ಬಲದಿಂದ ನಿರ್ಧರಿಸಹೊರಟರೆ ಕುಗ್ಗುವುದು ಪೀಠದ ಗೌರವ. ಅದರೊಡನೆ, ತಮ್ಮ ಪ್ರತಿನಿಧಿಯ ಮಾತಿಗೆ ಸದನದಲ್ಲಿ ನ್ಯಾಯವಾದ ಅವಕಾಶ ದೊರೆಯುವುದೆಂಬ ಮತದಾರರ ಭರವಸೆ. ಮುನ್ಸೂಚನೆ, ಚರ್ಚೆ, ಎಣಿಕೆ ಎಂಬ ಮೂರು ಹಂತಗಳು ಈ ಭರವಸೆಯ ರಕ್ಷಣೆಗಾಗಿಯೇ ಇವೆ.