ಮನೆಯ ವರ್ಕ್‌ಶಾಪಿನ ವೈರಿಂಗ್: ಬೆಂಕಿ ಹತ್ತುವ ಮೊದಲೇ ಮಾಡಬೇಕಾದ್ದು

ಮನೆಯ ಹಿಂದಿನ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಒಂದು ಮೇಜು ಹಾಕಿಕೊಂಡು ಮರಗೆಲಸ, ವೆಲ್ಡಿಂಗ್, ಮೋಟಾರು ರಿಪೇರಿ ಮಾಡುವವರು ನಮ್ಮ ಊರುಗಳಲ್ಲಿ ಬಹಳ. ಚನ್ನಪಟ್ಟಣದಲ್ಲಂತೂ ಗೊಂಬೆ ಕಡೆಯುವ ಲೇತುಗಳು ಮನೆಗಳ ಒಳಗೇ ಓಡುತ್ತವೆ. ಇಂಥ ಜಾಗಗಳಿಗೆ ಎಷ್ಟೋ ಸಲ ಕರೆಂಟು ಬರುವುದು ಪಕ್ಕದ ಕೋಣೆಯ ಪ್ಲಗ್ ಪಾಯಿಂಟಿನಿಂದ ಎಳೆದ ಒಂದು ವೈರಿನ ಮೂಲಕ. ಫ್ಯಾನು, ಟ್ಯೂಬ್‌ಲೈಟಿಗೆಂದು ಹಾಕಿಸಿದ ವೈರಿಂಗ್ ಮೇಲೆ ಗ್ರೈಂಡರು, ಕಂಪ್ರೆಸರುಗಳ ಭಾರ ಬೀಳುತ್ತದೆ. ಸುತ್ತಮುತ್ತ ಮರದ ಹೊಟ್ಟು, ಪಾಲಿಶ್, ತಿನ್ನರ್ ಡಬ್ಬಿ ಇದ್ದೇ ಇರುತ್ತವೆ.

‘ಎಂಸಿಬಿ ಇದೆಯಲ್ಲ, ಏನಾದರೂ ಆದರೆ ಟ್ರಿಪ್ ಆಗುತ್ತದೆ’ ಎಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಓವರ್‌ಲೋಡ್ ಆದರೆ, ಶಾರ್ಟ್ ಸರ್ಕಿಟ್ ಆದರೆ ಎಂಸಿಬಿ ಟ್ರಿಪ್ ಆಗುತ್ತದೆ, ನಿಜ. ಆದರೆ ಸಡಿಲವಾದ ಜೋಡಣೆ ಅದರ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕ ಹೀಗಿದೆ: ಸಾಕೆಟ್ಟಿನ ಹಿಂದಿನ ಒಂದು ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್‌ನಷ್ಟು ಪ್ರತಿರೋಧ ಹುಟ್ಟಿದೆ ಎಂದುಕೊಳ್ಳಿ. ಯಂತ್ರ 10 ಆಂಪಿಯರ್ ಎಳೆಯುತ್ತಿದ್ದರೆ ಆ ಒಂದು ಬಿಂದುವಿನಲ್ಲಿ 50 ವ್ಯಾಟ್ ಶಾಖ ಉಂಟಾಗುತ್ತದೆ. ಸೀಸ ಕರಗಿಸುವ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥ ಎರಡನ್ನು ಹೊತ್ತಿಸಿ ಸ್ವಿಚ್ ಬೋರ್ಡಿನೊಳಗೆ ಇಟ್ಟಂತಾಯಿತು. ಎಂಸಿಬಿಗೆ ಕಾಣುವುದು ಅದೇ 10 ಆಂಪಿಯರ್, ಅಂದರೆ ಎಲ್ಲ ಸರಿಯಾಗಿದೆ ಎಂದೇ ಲೆಕ್ಕ. ಯಂತ್ರವೂ ಓಡುತ್ತಲೇ ಇರುತ್ತದೆ. ಹಾಗಾಗಿ ಬೆಂಕಿ ತಡೆಯುವ ಕೆಲಸವನ್ನು ಎಂಸಿಬಿ ಒಂದರ ಮೇಲೆ ಹಾಕುವಂತಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ.

ಹಂತ 1: ಲೋಡ್ ಲೆಕ್ಕ ಹಾಕಿ

ಪ್ರತಿ ಯಂತ್ರದ ಮೈಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿರುವ ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಹೆಚ್ಚುಕಡಿಮೆ ಸಿಗುತ್ತದೆ. 850 ವ್ಯಾಟಿನ ಗ್ರೈಂಡರ್‌ಗೆ ಸುಮಾರು 3.7 ಆಂಪಿಯರ್, 1,400 ವ್ಯಾಟಿನ ಮರ ಕೊಯ್ಯುವ ಯಂತ್ರಕ್ಕೆ 6 ಆಂಪಿಯರ್. ಮೋಟಾರಿಗೆ ಎಚ್‌ಪಿ ಮಾತ್ರ ಬರೆದಿದ್ದರೆ 1 ಎಚ್‌ಪಿ ಎಂದರೆ 746 ವ್ಯಾಟ್ ಎಂದು ಗುಣಿಸಿ. ಅದು ಮೋಟಾರು ಕೊಡುವ ಶಕ್ತಿ. ಎಳೆಯುವುದು ಅದಕ್ಕಿಂತ ಹೆಚ್ಚು ಎಂಬುದನ್ನು ಮರೆಯಬೇಡಿ. ಮೋಟಾರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ವೆಲ್ಡಿಂಗ್ ಯಂತ್ರವಿದ್ದರೆ ಪಟ್ಟಿಯಲ್ಲಿ ‘ಇನ್‌ಪುಟ್ ಕರೆಂಟ್’ ಎಷ್ಟಿದೆ ಎಂದು ನೋಡಿ. ಅದು 16 ಆಂಪಿಯರ್ ದಾಟಿದ್ದರೆ ಮನೆಯ ಮಾಮೂಲಿ ಪ್ಲಗ್ ಪಾಯಿಂಟಿಗೆ ಅದನ್ನು ಸಿಕ್ಕಿಸಲೇಬಾರದು.

ಒಟ್ಟಿಗೆ ಓಡುವ ಯಂತ್ರಗಳ ಆಂಪಿಯರ್ ಕೂಡಿಸಿ. ಚಿಕ್ಕ ಪ್ಲಗ್ ಪಾಯಿಂಟ್ 6 ಆಂಪಿಯರಿನದು, ಅಂದರೆ 1,380 ವ್ಯಾಟ್‌ವರೆಗೆ ಮಾತ್ರ. ದೊಡ್ಡದು 16 ಆಂಪಿಯರ್, ಅಂದರೆ 3,680 ವ್ಯಾಟ್. ಕೊನೆಯದಾಗಿ, ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ. ನಿಮ್ಮ ಲೆಕ್ಕ ಅದನ್ನು ಮೀರಿದರೆ ನಿಮ್ಮ ಭಾಗದ ಎಸ್ಕಾಂ ಕಚೇರಿಗೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಕೊಡಿ.

ಹಂತ 2: ಮೇನ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ವರ್ಕ್‌ಶಾಪಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನ್ ಇರಬೇಕು, ಅದನ್ನು ಪೂರ್ತಿ ಕಡಿತಗೊಳಿಸುವ ಸ್ವಿಚ್ ಬಾಗಿಲ ಬಳಿಯೇ ಇರಬೇಕು. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದೇ ವೈರಿನಲ್ಲಿ ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಸಾಮಾನ್ಯ ಪಿವಿಸಿ ಹೊದಿಕೆಯ ವೈರು ತಾಳಿಕೊಳ್ಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ; ಅದಕ್ಕಿಂತ ಬಿಸಿಯಾಗುತ್ತಲೇ ಇದ್ದರೆ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ.

ತಾಮ್ರದ ವೈರಿನ ಲೆಕ್ಕ ಸಾಮಾನ್ಯವಾಗಿ ಹೀಗೆ: ಲೈಟು, ಫ್ಯಾನಿಗೆ 1.5 ಸ್ಕ್ವೇರ್ ಎಂಎಂ. 16 ಆಂಪಿಯರ್ ಪಾಯಿಂಟಿಗೆ 2.5, ಕಂಪ್ರೆಸರಿನಂಥ ಭಾರಿ ಯಂತ್ರಕ್ಕೆ 4 ಅಥವಾ ಅದಕ್ಕೂ ದಪ್ಪ. ಶೆಡ್ಡು ದೂರವಿದ್ದರೆ ಇನ್ನೊಂದು ಅಳತೆ ದಪ್ಪ ಬೇಕಾಗಬಹುದು. ಐಎಸ್‌ಐ ಗುರುತು ಮತ್ತು ಐಎಸ್ 694 ಎಂಬ ಸಂಖ್ಯೆ ವೈರಿನ ಮೇಲಿದೆಯೇ ನೋಡಿ ಕೊಳ್ಳಿ. ಮಷಿನ್ನುಗಳದೇ ಒಂದು ಲೈನ್, ಲೈಟುಗಳದೇ ಒಂದು ಲೈನ್ ಆಗಲಿ. ಆಗ ಗರಗಸ ತಿರುಗುತ್ತಿರುವಾಗ ಎಂಸಿಬಿ ಟ್ರಿಪ್ ಆದರೂ ಕೋಣೆ ಕತ್ತಲಾಗುವುದಿಲ್ಲ.

ಹಳೆ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಓಡಿಸಿದ ವೈರಿಂಗ್ ಅಥವಾ ಅಲ್ಯೂಮಿನಿಯಂ ವೈರು ಇನ್ನೂ ಉಳಿದಿರಬಹುದು. ಅದಕ್ಕೆ ವರ್ಕ್‌ಶಾಪಿನ ಲೋಡ್ ಹೊರಿಸಬೇಡಿ. ಅಲ್ಯೂಮಿನಿಯಂ ಮತ್ತು ತಾಮ್ರವನ್ನು ನೇರವಾಗಿ ಹೊಸೆದು ಜೋಡಿಸಿದ ಜಾಗ ಕಾಲಕ್ರಮೇಣ ಕಿಲುಬು ಹಿಡಿದು ಬಿಸಿಯಾಗುತ್ತದೆ.

ಹಂತ 3: ಎಂಸಿಬಿ ವೈರಿಗೆ ತಕ್ಕಂತಿರಲಿ, ಜೊತೆಗೆ ಆರ್‌ಸಿಸಿಬಿ ಇರಲಿ

ಎಂಸಿಬಿ ಇರುವುದು ವೈರನ್ನು ಕಾಯಲು. 2.5 ಸ್ಕ್ವೇರ್ ಎಂಎಂ ವೈರಿಗೆ 16 ಆಂಪಿಯರ್, 4ಕ್ಕೆ 20 ಅಥವಾ 25 ಆಂಪಿಯರ್ ಎಂಸಿಬಿ ವಾಡಿಕೆ. ಪದೇ ಪದೇ ಟ್ರಿಪ್ ಆಗುತ್ತಿದೆ ಎಂದು 16 ತೆಗೆದು 32 ಹಾಕಿಸಿದರೆ ಇನ್ನು ಮುಂದೆ ಕಾಯುವವರು ಯಾರೂ ಇಲ್ಲ. ಎಂಸಿಬಿಗಿಂತ ಮೊದಲು ವೈರೇ ಸುಡುತ್ತದೆ. ಮೋಟಾರು ಶುರುವಾಗುವಾಗ ಮಾತ್ರ ಟ್ರಿಪ್ ಆಗುತ್ತಿದ್ದರೆ ಅದೇ ಆಂಪಿಯರಿನ ‘ಸಿ’ ಬಗೆಯದನ್ನು ಹಾಕಿಸಿ. ‘ಬಿ’ ಬಗೆಯದು 3ರಿಂದ 5 ಪಟ್ಟು ಕರೆಂಟಿಗೇ ಥಟ್ಟನೆ ಟ್ರಿಪ್ ಆಗುತ್ತದೆ, ‘ಸಿ’ ಬಗೆಯದು 5ರಿಂದ 10 ಪಟ್ಟಿನವರೆಗೆ ತಡೆದುಕೊಳ್ಳುತ್ತದೆ. ಇನ್ನೂ ಕಿಟ್‌ಕ್ಯಾಟ್ ಫ್ಯೂಸ್ ಇದ್ದವರು ಅದಕ್ಕೆ ಸಿಕ್ಕಿದ ತಾಮ್ರದ ಎಳೆ ಸುತ್ತುವ ಅಭ್ಯಾಸವನ್ನು ಇವತ್ತೇ ಬಿಡಬೇಕು.

ಇದರ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಸವೆದ ಹೊದಿಕೆಯಿಂದ ಭೂಮಿಯತ್ತ ಸೋರುವ ಕರೆಂಟನ್ನು ಅದು ಹಿಡಿಯುತ್ತದೆ. ಆ ಸೋರಿಕೆ ಜೀವಕ್ಕೂ ಅಪಾಯ, ಬೆಂಕಿಗೂ ಮೂಲ. ಅದರ ಮೇಲಿನ ‘ಟಿ’ ಎಂಬ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಕೂಡಲೇ ಟ್ರಿಪ್ ಆಗದಿದ್ದರೆ ಬದಲಾಯಿಸಿ.

ಹಂತ 4: ಜೋಡಣೆಗಳನ್ನು ಬಿಗಿ ಮಾಡಿಸಿ

ಮೊದಲೇ ಹೇಳಿದ ಆ 50 ವ್ಯಾಟಿನ ಶಾಖಕ್ಕೆ ಮದ್ದು ಇಲ್ಲಿದೆ. ಲೋಡ್ ಬಿದ್ದಾಗ ಬಿಸಿಯಾಗಿ ಹಿಗ್ಗಿ, ನಿಂತಾಗ ತಣಿದು ಕುಗ್ಗಿ ಸ್ಕ್ರೂಗಳು ಸಡಿಲವಾಗುತ್ತವೆ. ಯಂತ್ರಗಳ ನಡುಕ ಇದಕ್ಕೆ ಸೇರಿಕೊಳ್ಳುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಮೇನ್ ಆಫ್ ಮಾಡಿಸಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಪ್ರತಿ ಬೋರ್ಡು, ಸಾಕೆಟ್ಟು, ಎಂಸಿಬಿಯ ಸ್ಕ್ರೂಗಳನ್ನು ಬಿಗಿ ಮಾಡಿಸಿ. ಎಳೆಎಳೆಯಾದ ವೈರಿನ ತುದಿಗೆ ಲಗ್ ಹಾಕಿ ಒತ್ತಿಸಬೇಕು. ದಾರಿ ಮಧ್ಯೆ ವೈರು ಹೊಸೆದು ಟೇಪ್ ಸುತ್ತಿದ ಗಂಟು ಎಲ್ಲಿದ್ದರೂ ಅದನ್ನು ತೆಗೆಸಿ, ಜಂಕ್ಷನ್ ಬಾಕ್ಸಿನೊಳಗೆ ಕನೆಕ್ಟರ್ ಹಾಕಿಸಿ. ಅದೇ ದಿನ ಮೆಗ್ಗರ್‌ನಿಂದ 500 ವೋಲ್ಟಿನಲ್ಲಿ ಇನ್ಸುಲೇಷನ್ ಪರೀಕ್ಷೆಯನ್ನೂ ಮಾಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನ್ ಬಳಸುವಂತಿಲ್ಲ. ಇಲಿ ಕಡಿದ ವೈರು ಗೋಡೆಯೊಳಗಿದ್ದರೂ ಇದರಲ್ಲಿ ಸಿಕ್ಕಿಬೀಳುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಯಂತ್ರ ಅರ್ಧ ಗಂಟೆ ಓಡಿದ ಮೇಲೆ ಆಫ್ ಮಾಡಿ, ಒಣಗಿದ ಕೈಯ ಹಿಂಬದಿಯನ್ನು ಪ್ಲಗ್ಗಿಗೂ ಸ್ವಿಚ್ ಬೋರ್ಡಿನ ಮುಖಕ್ಕೂ ತಾಗಿಸಿ ನೋಡಿ. ಬಿಸಿ ಹತ್ತಿದರೆ ಒಳಗೆ ಎಲ್ಲೋ ಸಡಿಲವಿದೆ.

ಹಂತ 5: ಅರ್ಥಿಂಗ್ ಮತ್ತು ಮೂರನೆಯ ಪಿನ್

ಯಂತ್ರದ ಲೋಹದ ಮೈಗೆ ಫೇಸ್ ತಾಗಿದರೆ ಆ ಕರೆಂಟು ಸಲೀಸಾಗಿ ಭೂಮಿಗೆ ಹರಿದುಹೋಗಬೇಕು. ಆಗಲೇ ಎಂಸಿಬಿಯೋ ಆರ್‌ಸಿಸಿಬಿಯೋ ಕ್ಷಣದಲ್ಲಿ ಟ್ರಿಪ್ ಆಗುವುದು. ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕತ್ತರಿಸಬೇಡಿ. ಪ್ಲಗ್ಗಿಲ್ಲದ ವೈರಿನ ತುದಿ ಸುಲಿದು ಬೆಂಕಿಕಡ್ಡಿ ತುರುಕಿ ಸಾಕೆಟ್ಟಿಗೆ ಸಿಕ್ಕಿಸುವುದನ್ನು ವರ್ಕ್‌ಶಾಪಿನಲ್ಲಿ ಯಾರಿಗೂ ಮಾಡಗೊಡಬೇಡಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗದಂತೆ ನೀರು ಹಾಕುತ್ತಿರಿ.

ಹಂತ 6: ಎಕ್ಸ್‌ಟೆನ್ಷನ್ ತಾತ್ಕಾಲಿಕವಾಗಿಯೇ ಇರಲಿ

ವರ್ಷಗಟ್ಟಲೆ ಗೋಡೆಗೆ ಮೊಳೆ ಹೊಡೆದು ಕಟ್ಟಿದ ಎಕ್ಸ್‌ಟೆನ್ಷನ್ ವೈರಿದ್ದರೆ ಅಲ್ಲಿ ಕಾಯಂ ಪಾಯಿಂಟ್ ಬೇಕಿದೆ ಎಂದರ್ಥ. ಸುರುಳಿ ಬಾಕ್ಸ್ ಬಳಸುವಾಗ ವೈರನ್ನು ಪೂರ್ತಿ ಬಿಚ್ಚಿ. ಸುತ್ತಿದಂತೆಯೇ ಇದ್ದರೆ ಶಾಖ ಹೊರಹೋಗದೆ ಒಳಸುತ್ತುಗಳು ಕರಗುತ್ತವೆ. ಒಂದು ಎಕ್ಸ್‌ಟೆನ್ಷನ್‌ಗೆ ಇನ್ನೊಂದನ್ನು ಜೋಡಿಸಬೇಡಿ. 16 ಆಂಪಿಯರ್ ಪ್ಲಗ್ಗನ್ನು 6 ಆಂಪಿಯರ್ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರನ್ನು ವರ್ಕ್‌ಶಾಪಿನೊಳಗೆ ತರಲೇಬೇಡಿ.

ಹಂತ 7: ಹೊಟ್ಟು ಮತ್ತು ಕಿಡಿಯನ್ನು ದೂರವಿಡಿ

ನುಣ್ಣನೆಯ ಮರದ ಪುಡಿ ಸ್ವಿಚ್ ಬೋರ್ಡಿನೊಳಗೂ ಮೋಟಾರಿನ ಗಾಳಿಕಂಡಿಗಳಲ್ಲೂ ಸೇರುತ್ತದೆ. ಪ್ಲಗ್ ಕಿತ್ತು ವಾರಕ್ಕೊಮ್ಮೆ ಯಂತ್ರಗಳನ್ನು ಸ್ವಚ್ಛ ಮಾಡಿ. ಸವೆದ ಕಾರ್ಬನ್ ಬ್ರಷ್ ಹೆಚ್ಚು ಕಿಡಿ ಹಾರಿಸುತ್ತದೆ, ಕಾಲಕ್ಕೆ ಸರಿಯಾಗಿ ಬದಲಿಸಿ. ಬೋರ್ಡಿನ ಕೆಳಗೆ ಹೊಟ್ಟಿನ ಚೀಲ ಇಡಬೇಡಿ. ತಿನ್ನರ್, ಪಾಲಿಶ್ ಡಬ್ಬಿಗಳನ್ನು ಮುಚ್ಚಳ ಹಾಕಿ ಬೇರೆ ಕಡೆ ಇಡಿ. ಕಬ್ಬಿಣ ಕತ್ತರಿಸುವ ಜಾಗ ಒಂದು, ಮರ ಕೊಯ್ಯುವ ಜಾಗ ಇನ್ನೊಂದು ಇರಲಿ.

ಈ ಲಕ್ಷಣ ಕಂಡರೆ ಕೆಲಸ ನಿಲ್ಲಿಸಿ

• ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ
• ಸಾಕೆಟ್ಟಿನ ತೂತುಗಳ ಸುತ್ತ ಕಂದು ಅಥವಾ ಕಪ್ಪು ಕಲೆ
• ಸ್ವಿಚ್ ಹಾಕಿದಾಗ ಚರಚರ ಸದ್ದು
• ಯಂತ್ರ ಶುರುವಾದಾಗ ಲೈಟು ಅತಿಯಾಗಿ ಮಂಕಾಗುವುದು ಅಥವಾ ಮಿಣುಕುವುದು
• ಯಂತ್ರ ಮುಟ್ಟಿದರೆ ಜುಮ್ಮೆನ್ನುವುದು

ಇವುಗಳಲ್ಲಿ ಒಂದು ಕಂಡರೂ ಆ ಲೈನಿನ ಎಂಸಿಬಿ ಆಫ್ ಮಾಡಿ, ಪರೀಕ್ಷೆ ಮುಗಿಯುವವರೆಗೆ ಮತ್ತೆ ಆನ್ ಮಾಡಬೇಡಿ. ತೊಂದರೆ ಕಂಬದ ಕಡೆಯಿಂದಲೋ ಮೀಟರಿನಿಂದಲೋ ಬಂದಿದ್ದರೆ 1912ಕ್ಕೆ ದೂರು ಕೊಡಿ.

ಬೆಂಕಿ ಹತ್ತಿಯೇಬಿಟ್ಟರೆ

ಕೈಗೆಟುಕಿದರೆ ಮೊದಲು ಮೇನ್ ಆಫ್ ಮಾಡಿ. ನೀರು ಎರಚಬೇಡಿ. ಎಬಿಸಿ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಸಿಲಿಂಡರನ್ನು ಬಾಗಿಲ ಪಕ್ಕದಲ್ಲೇ ನೇತುಹಾಕಿರಬೇಕು. ಗೇಜ್ ಇದ್ದರೆ ಅದರ ಮುಳ್ಳು ಹಸಿರಿನಲ್ಲಿರಬೇಕು. ಬಾಗಿಲು ನಿಮ್ಮ ಬೆನ್ನ ಹಿಂದೆ ಇರುವಂತೆ ನಿಂತು, ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಎಡಬಲಕ್ಕೆ ಆಡಿಸಿ. ಒಂದು ಸಿಲಿಂಡರಿಗೆ ಬೆಂಕಿ ಬಗ್ಗದಿದ್ದರೆ ಹೊರಗೆ ಬನ್ನಿ, ಎಲ್ಲರನ್ನೂ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಕರೆ ಮಾಡಿ. ಒಳಗಿನ ಯಂತ್ರಕ್ಕಾಗಿ ಮತ್ತೆ ಹೋಗಬೇಡಿ.

ದಿನದ ಕೆಲಸ ಮುಗಿದ ಕೂಡಲೇ ಪ್ಲಗ್ಗುಗಳನ್ನು ಕಿತ್ತು, ಬಾಗಿಲ ಬಳಿಯ ಸ್ವಿಚ್ ಆಫ್ ಮಾಡಿಯೇ ಮನೆಯೊಳಗೆ ಹೋಗಿ. ಸಹಾಯಕ್ಕೆ ಬರುವ ಹುಡುಗರಿಗೂ ಇದನ್ನೇ ಕಲಿಸಿ. ವರ್ಕ್‌ಶಾಪಿಗೆ ಇನ್ನೊಂದು ಯಂತ್ರ ಕೊಳ್ಳಲು ದುಡ್ಡು ಕೂಡಿಡುತ್ತಿದ್ದರೆ, ಆ ದುಡ್ಡಿನಲ್ಲಿ ಮೊದಲು ಸರಿಯಾದ ಒಂದು ಲೈನ್ ಎಳೆಸಿ. ಯಂತ್ರ ಆಮೇಲೆ ಬರಲಿ.