ಹೊಲಕ್ಕಿಳಿದ ಪೆಟ್ಟಿಗೆ

ಸೇಡಂ ತಾಲ್ಲೂಕಿನ ಆಡಕಿಯ ಸೀಮೆಯಲ್ಲಿ ಪುಷ್ಯಮಾಸವೆಂದರೆ ತೊಗರಿಯ ರಾಶಿಯ ಕಾಲ. ಸುಗ್ಗಿಯ ಆ ದಿನಗಳಲ್ಲಿಯೇ, ಪೂರ್ವಕ್ಕಿರುವ ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಹಾರಿಬಿಟ್ಟ ಬೃಹತ್ ಬಲೂನುಗಳು ಪಡುವಣ ದಿಕ್ಕಿಗೆ ತೇಲಿಬರುವುದುಂಟು. ಸಂಸ್ಥೆಯು ಸಾರ್ವಜನಿಕರಿಗೆ ನೀಡುವ ಮುನ್ಸೂಚನೆಗಳಲ್ಲಿ ಕಲಬುರಗಿ, ಬೀದರ, ಯಾದಗಿರಿ, ವಿಜಯಪುರಗಳ ಹೆಸರುಗಳಿರುತ್ತವೆ. 2025ರ ಜನವರಿಯಲ್ಲಿ ಇಂಥದೊಂದು ಬಲೂನು ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆಯೇ ಇಳಿಯಿತು. ಶಾಸನ ಬರೆಯುವ ಶಿಲಾಬಾಲಿಕೆಯಿಂದ ಹೆಸರಾದ ಆ ಊರಿಗೆ ಅಂದು ಆಕಾಶದಿಂದಲೇ ಅತಿಥಿ ಬಂದಂತಾಯಿತು. ಜನ ಬೆರಗಾದರು, ಬೆದರಿದರು.

ಈ ಬಲೂನು ಅತಿ ತೆಳುವಾದ ಪಾಲಿಥೀನ್ ಹಾಳೆಯದು. ತುಂಬುವುದು ಜಲಜನಕ ಅನಿಲ. ನೆಲದ ಮೇಲಿರುವಾಗ ಅದು ಬಾಡಿದ ಚೀಲದಂತೆ ಜೋತುಬಿದ್ದಿರುತ್ತದೆ. ಇದು ಜಿಪುಣತನವಲ್ಲ. ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವು ನೆಲದ ಮೇಲಿನದರ ನೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯುವುದರಿಂದ, ಒಳಗಿನ ಅನಿಲವು ಹಲವು ಹತ್ತು ಪಟ್ಟು ಹಿಗ್ಗುತ್ತದೆ. ಆಗ 50ರಿಂದ 85 ಮೀಟರ್ ಅಡ್ಡಳತೆಯ ಗೋಳವೇ ಬಾನಿನಲ್ಲಿ ಅರಳಿ ನಿಲ್ಲುತ್ತದೆ.

ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಿಂದ ಚಿಕ್ಕ ರಬ್ಬರ್ ಬಲೂನುಗಳನ್ನೂ ಹಾರಿಸಿದ್ದಾರೆ. ಅವು ಹೊರುವ ಭಾರ ಕೆಲವೇ ಕಿಲೋಗ್ರಾಂ. ಇಂಥ ಹಗುರವಾದ ಪೆಟ್ಟಿಗೆಯನ್ನು ಕೈಯಾರೆ ಕಟ್ಟಬಹುದು. ಥರ್ಮೋಕೋಲ್ ಕವಚ, ಕ್ಯಾಮೆರಾ, ತನ್ನ ನೆಲೆಯನ್ನು ತಿಳಿಸುತ್ತಿರುವ ರೇಡಿಯೋ, ಇಳಿಯಲು ಪ್ಯಾರಾಚೂಟ್. ಆದರೆ ನಮ್ಮ ನಾಡಿನ ಮೇಲೆ ಹದಿನೇಳು ಕಿಲೋಮೀಟರ್ ಎತ್ತರದಲ್ಲಿ ಶೂನ್ಯಕ್ಕಿಂತ ಸುಮಾರು 80 ಡಿಗ್ರಿ ಕೆಳಗಿನ ಚಳಿಯಿರುತ್ತದೆ. ಬ್ಯಾಟರಿಯನ್ನು ಬೆಚ್ಚಗಿಡದಿದ್ದರೆ ರೇಡಿಯೋ ಮೂಕವಾಗುತ್ತದೆ. ಪೆಟ್ಟಿಗೆ ಬಿದ್ದ ಜಾಗವೇ ತಿಳಿಯದೆ ಹೋಗುತ್ತದೆ.

ಬಿದ್ದಮೇಲಿನ ಅಪಾಯ ಇದಕ್ಕಿಂತ ಹೆಚ್ಚಿನದು. 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಏರಿದ ಬಲೂನೊಂದು, ಕ್ರಿಮಿಶುದ್ಧಗೊಳಿಸಿ ನಿರ್ವಾತ ಮಾಡಿದ ಹದಿನಾರು ಉಕ್ಕಿನ ಕೊಳವೆಗಳನ್ನು ಹೊತ್ತೊಯ್ದು, 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದಿತು. ಅದರಲ್ಲಿ ಅದುವರೆಗೆ ಯಾರೂ ಅರಿಯದಿದ್ದ ಮೂರು ಬಗೆಯ ಬ್ಯಾಕ್ಟೀರಿಯಗಳು ದೊರೆತವೆಂದು 2009ರಲ್ಲಿ ಪ್ರಕಟವಾಯಿತು. ಒಂದಕ್ಕೆ ಆರ್ಯಭಟನ ಹೆಸರಿಟ್ಟರು. ಆ ಕೊಳವೆಗಳ ಬಾಯನ್ನು ಕುತೂಹಲಿಯೊಬ್ಬ ಹೊಲದಲ್ಲಿಯೇ ಬಿಚ್ಚಿದ್ದರೆ? ಚಿಟಿಕೆ ಮಣ್ಣಿನಲ್ಲಿಯೂ ಬ್ಯಾಕ್ಟೀರಿಯಗಳು ಲೆಕ್ಕವಿಲ್ಲದಷ್ಟು. ಬಾನಿನದು ಯಾವುದು, ಬದುವಿನದು ಯಾವುದು ಎಂದು ಬೇರ್ಪಡಿಸುವ ಬಗೆಯೇ ಇರುತ್ತಿರಲಿಲ್ಲ.

ಹೊಲದಲ್ಲಿ ಬಿದ್ದ ಹೊಸ ಹಗ್ಗವನ್ನು ಕಂಡ ಒಕ್ಕಲಿಗನಿಗೆ ತನ್ನ ಎತ್ತುಗಳ ನೆನಪಾಗುವುದು ಸಹಜವೇ. ಕಿತ್ತಳೆ ಬಣ್ಣದ ಪ್ಯಾರಾಚೂಟ್ ಬಟ್ಟೆಯೂ ಕಣ್ಸೆಳೆಯುವಂಥದು. ಆದರೂ ಅದನ್ನು ಎಳೆಯಬಾರದು, ಪೆಟ್ಟಿಗೆಯನ್ನು ತೆರೆಯಬಾರದು. ಅದರ ಮೇಲೆ ಬರೆದ ವಿಳಾಸಕ್ಕೋ ಹತ್ತಿರದ ಪೊಲೀಸ್ ಠಾಣೆಗೋ ಸುದ್ದಿ ಮುಟ್ಟಿಸಿ ಕಾವಲಿದ್ದರೆ ಸಾಕು. ಸಂಸ್ಥೆಯವರು ಬಂದು ಒಯ್ಯುತ್ತಾರೆ. ಕೆಡಿಸದೆ ಕಾಯ್ದವರಿಗೆ ತಗಲಿದ ವೆಚ್ಚವನ್ನೂ ಬಹುಮಾನವನ್ನೂ ಸಲ್ಲಿಸುತ್ತಾರೆ.